ಖಾಲಿ ಹಾರಿದ ಮೊದಲ ಸಾಲು

ಉತ್ತರ ಕರ್ನಾಟಕದ ಒಂದು ಊರಿನ ಸಣ್ಣ ವಿಮಾನ ನಿಲ್ದಾಣದಲ್ಲಿ ಶಾಂತವೀರನೆಂಬ ಅಧಿಕಾರಿಯಿದ್ದ. ಯಾರು ಯಾವ ಸೀಟಿನಲ್ಲಿ ಕೂರಬೇಕೆಂದು ಕಂಪ್ಯೂಟರಿನಲ್ಲಿ ಹಂಚುವುದು ಅವನ ಕೆಲಸ. ಮನುಷ್ಯ ಕೆಟ್ಟವನಲ್ಲ. ಅವನಿಗಿದ್ದ ರೋಗ ಒಂದೇ, ಯಾರಿಗೂ ‘ಇಲ್ಲ’ ಎನ್ನಲು ಬಾಯಿ ಬರುತ್ತಿರಲಿಲ್ಲ.

ಊರಿನ ದೊಡ್ಡ ಮನುಷ್ಯರಿಗೆಲ್ಲ ಇದು ಗೊತ್ತಾಗಿಹೋಗಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ಜನ ನಾವು. ವಿಮಾನದ ಕಿಟಕಿ ತೆರೆಯುವುದಿಲ್ಲವಲ್ಲ, ಅದಕ್ಕೆ ಅವರು ಶಾಂತವೀರನಿಗೆ ಫೋನು ಮಾಡುತ್ತಿದ್ದರು. “ಮುಂದಿನ ಸಾಲಿನ್ಯಾಗ ಒಂದು ಹಿಡಿದಿಡಪಾ” ಎಂದರೆ ಸಾಕು, “ಆತ್ರೀ” ಎಂದು ಆ ಸೀಟನ್ನು ಕಂಪ್ಯೂಟರಿನಲ್ಲಿ ಬ್ಲಾಕ್ ಮಾಡಿಬಿಡುತ್ತಿದ್ದ. ಟಿಕೆಟ್ಟೇ ಕೊಳ್ಳದವರಿಗೂ ಸೀಟು ಕಾಯ್ದಿರುತ್ತಿತ್ತು. ಕೇಳಿದರೆ ಮೈ ಉರಿಯುತ್ತದೆ, ಆದರೆ ನಡೆಯುತ್ತಿದ್ದುದು ಹಾಗೆಯೇ.

ಅಲ್ಲಿಂದ ಮುಂಬೈಗೆ ದಿನಕ್ಕೊಂದೇ ವಿಮಾನ. ಒಂದು ದಿನ ಅದಕ್ಕೆ ಪಾರವ್ವ ಎಂಬ ಮುದುಕಿ ಗಾಲಿಕುರ್ಚಿಯಲ್ಲಿ ಬಂದಳು. ಮೊಣಕಾಲಿನ ಆಪರೇಷನ್ ಆಗಿ ಕಾಲು ಕಟ್ಟಿಗೆಯಂತೆ ನೆಟ್ಟಗೆ ಇತ್ತು, ಮಡಚಲು ಬರುತ್ತಿರಲಿಲ್ಲ. ಅಂದು ಬೆಳಿಗ್ಗೆಯೇ ಟಿಕೆಟ್ ತೆಗೆಸಿದ್ದಳು. ಆಗಲೇ ಮೊದಲ ಸಾಲು ಭರ್ತಿ ಎಂದು ಕಂಪ್ಯೂಟರ್ ತೋರಿಸಿದ್ದರಿಂದ ಅವಳಿಗೆ ಹಿಂದಿನ ಇಕ್ಕಟ್ಟಾದ ಸೀಟು ಸಿಕ್ಕಿತ್ತು.

ಕೌಂಟರಿನಲ್ಲಿದ್ದ ಕಸ್ತೂರಿ ಎಂಬ ಹುಡುಗಿ ಶಾಂತವೀರನನ್ನು ಕರೆದಳು. “ಸರ್, ಈ ಅಮ್ಮಾರಿಗೆ ಹಿಂದ ಕೂಡಾಕ ಆಗೂದಿಲ್ಲ. ಮುಂದಿನ ಸಾಲಿನ್ಯಾಗಷ್ಟ ಕಾಲು ಚಾಚಾಕ ಜಾಗಾ ಐತಿ. ನಿಮ್ಮ ನಾಲ್ಕು ಬ್ಲಾಕಿನ್ಯಾಗ ಒಂದು ತೆಗೀರಿ.”

ಬ್ಲಾಕ್ ತೆಗೆಯುವ ಪಾಸ್‌ವರ್ಡ್ ಶಾಂತವೀರನಿಗೆ ಮಾತ್ರ ಗೊತ್ತಿತ್ತು. ಅವನು ತಲೆ ಕೆರೆದುಕೊಂಡ.

“ಯಪ್ಪಾ, ನನ್ನ ತಂಗಿ ಮುಂಬೈ ದವಾಖಾನ್ಯಾಗ ಅದಾಳ” ಎಂದಳು ಪಾರವ್ವ. “ಇವತ್ತು ರಾತ್ರಿ ದಾಟೂದು ಕಷ್ಟ ಅಂತ ಡಾಕ್ಟರು ಹೇಳ್ಯಾರ. ಅಕ್ಕಾ ಅಕ್ಕಾ ಅಂತ ಕನವರಸಾಕ ಹತ್ತ್ಯಾಳಂತ. ಒಮ್ಮೆ ಮಾರಿ ನೋಡಿದ್ರ ಸಾಕು.”

ಶಾಂತವೀರ ‘ಅಯ್ಯೋ ಪಾಪ’ ಎಂದ. ಆದರೂ ಅವನ ಕೈ ಕಂಪ್ಯೂಟರಿನ ಕಡೆ ಹೋಗಲಿಲ್ಲ, ಫೋನಿನ ಕಡೆ ಹೋಯಿತು. ಮೊದಲು ಗುತ್ತಿಗೆದಾರ ಅಂದಾನಪ್ಪನಿಗೆ ಮಾಡಿದ.

“ಬರೂದು ಇನ್ನೂ ಪಕ್ಕಾ ಇಲ್ಲ ತಗೋ” ಎಂದ ಅಂದಾನಪ್ಪ. “ಆದ್ರ ಸೀಟ್ ಮಾತ್ರ ಬಿಡಬ್ಯಾಡ.”

“ಒಬ್ಬರು ಕಾಲಿಲ್ಲದ… ಅಲ್ಲಲ್ಲ, ಕಾಲು ಮಡಚಾಕ ಬರದವರು ಬಂದಾರ್ರೀ…”

“ಅವರಿಗೆ ಬ್ಯಾರೆ ಯಾರದರ ಕೊಡೋ ಮಾರಾಯಾ! ನಂದ ಕಣ್ಣಿಗೆ ಬಿತ್ತೇನು?”

ಇನ್ನೊಂದು ಸೀಟು ಹಿಡಿಸಿದ್ದ ಊರ ಕ್ಲಬ್ಬಿನ ಅಧ್ಯಕ್ಷರು ಫೋನು ಎತ್ತಲೇ ಇಲ್ಲ. ಉಳಿದ ಎರಡು ಸೀಟು ಮೇಲಧಿಕಾರಿಯ ಷಡ್ಡಕನಿಗೂ ಅವನ ಹೆಂಡತಿಗೂ ಹಿಡಿದಿಟ್ಟದ್ದು. ಅವರಿಗೆ ಫೋನು ಮಾಡುವ ಧೈರ್ಯವೇ ಶಾಂತವೀರನಿಗೆ ಬರಲಿಲ್ಲ. ಅಧ್ಯಕ್ಷರಿಗೇ ಮತ್ತೊಮ್ಮೆ ಮಾಡಿದ. ಮಗದೊಮ್ಮೆ ಮಾಡಿದ.

“ಸರ್, ಯಾರನ್ನ ಕೇಳಾಕ ಹತ್ತೀರಿ?” ಕಸ್ತೂರಿಗೆ ತಡೆಯಲಾಗಲಿಲ್ಲ. “ಬಂದವರು ಇಲ್ಲೇ ಕುಂತಾರ. ಬರದವರ ಅಪ್ಪಣೆ ಯಾಕ ಬೇಕ್ರೀ? ಒಂದು ಬಟನ್ ಒತ್ತೂದು ಐತಿ ಅಷ್ಟ!”

“ತಡಿಯವಾ, ಸ್ವಲ್ಪ ತಡಿ. ನಾಳೆ ಅವರೆಲ್ಲಾ ನನ್ನ ಹರಕೊಂಡು ತಿಂತಾರ.”

“ಬ್ಯಾಡ, ಹಿಂದಿನ ಸೀಟಿನ್ಯಾಗ ಹೆಂಗಾರ ಮಾಡಿ ತುರುಕ್ರಿ ನನ್ನ. ನೋವಾದ್ರ ಆಗ್ಲಿ” ಎಂದಳು ಪಾರವ್ವ. ಚಾಚಿದ ಕಾಲು ಓಡಾಡುವ ದಾರಿಗೆ ಅಡ್ಡ ಬರುತ್ತದೆಂದು ಅದಕ್ಕೆ ನಿಯಮ ಒಪ್ಪುತ್ತಿರಲಿಲ್ಲ. ನಿಯಮ ಮುರಿಯುವವನಲ್ಲ ನಮ್ಮ ಶಾಂತವೀರ. ಟಿಕೆಟ್ ಇಲ್ಲದವರಿಗೆ ಸೀಟು ಹಿಡಿಯುವಾಗ ಈ ನಿಯಮನಿಷ್ಠೆ ಎಲ್ಲಿ ಹೋಗಿತ್ತೋ!

ಹೀಗೆ ತಡಿ ತಡಿ ಎನ್ನುತ್ತಿದ್ದಂತೆ ಕೌಂಟರ್ ಮುಚ್ಚುವ ಹೊತ್ತಾಯಿತು. ಇನ್ನು ಆಗಿದ್ದಾಗಲಿ ಎಂದು ಅವನು ಕಡೆಗೂ ಪಾಸ್‌ವರ್ಡ್ ಒತ್ತಿದ. ಅಷ್ಟರಲ್ಲಿ ಆ ವಿಮಾನದ ಪ್ರಯಾಣಿಕರ ಪಟ್ಟಿಯನ್ನು ಕಂಪ್ಯೂಟರ್ ಮುಚ್ಚಿಬಿಟ್ಟಿತ್ತು. ಇಷ್ಟೊತ್ತು ಕೊಡದಿದ್ದವನಿಗೆ ಈಗ ಕೊಡುತ್ತೇನೆಂದರೂ ಕೊಡಲಾಗಲಿಲ್ಲ.

ಅಂದಾನಪ್ಪ ಬರಲಿಲ್ಲ, ಅಧ್ಯಕ್ಷರೂ ಬರಲಿಲ್ಲ. ಪಾರವ್ವನ ಕಣ್ಣೆದುರೇ ಮೊದಲ ಸಾಲಿನ ನಾಲ್ಕೂ ಸೀಟು ಖಾಲಿ ಹೊತ್ತುಕೊಂಡು ವಿಮಾನ ಹಾರಿತು. ಆಮೇಲೆ ಷಡ್ಡಕನ ಮೆಸೇಜು ಬಂತು: ‘ನಾವು ನಿನ್ನೆನ ರೈಲಿನ್ಯಾಗ ಮುಂಬೈಗೆ ಬಂದ್ವಿ, ಹೇಳೂದು ಮರೆತಿತ್ತು.’ ಶಾಂತವೀರ ಹಣೆ ಹಣೆ ಬಡಿದುಕೊಂಡ. ಈಗ ಬಡಿದುಕೊಂಡು ಯಾರಿಗೆ ಏನು ಬಂತು?

ಮರುದಿನದ ವಿಮಾನದಲ್ಲಿ ಅವನೇ ಮುಂದೆ ನಿಂತು ಪಾರವ್ವನನ್ನು ಮೊದಲ ಸಾಲಿನಲ್ಲಿ ಕೂರಿಸಿ ಕಳಿಸಿದ. ಕೆಲವು ದಿನಗಳಾದ ಮೇಲೆ ಅವಳು ವಾಪಸು ಬಂದಳು. ಅವನು ಓಡಿಹೋಗಿ ಗಾಲಿಕುರ್ಚಿ ಹಿಡಿದುಕೊಂಡ.

“ಅಮ್ಮಾರ, ತಂಗಿ ಸಿಕ್ಕರೇನ್ರಿ?”

ಪಾರವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಇಲ್ಲಪಾ. ನಾ ಮುಟ್ಟೂದರಾಗ ಹೋಗಿದ್ಲು” ಎಂದಳು. “ನಾ ಬರ್ತೀನಿ ಅಂತ ಹಾಸಿಗಿ ಬಾಜೂಕ ಒಂದು ಕುರ್ಚಿ ಹಾಕಿಸಿದ್ಲಂತ. ‘ಇದು ನಮ್ಮಕ್ಕಗ’ ಅಂತ ಕಡೀತನಕ ಅದರ ಮ್ಯಾಲ ಕೈ ಇಟ್ಟಕೊಂಡಿದ್ಲಂತ. ಯಾರಿಗೂ ಕೂಡಗೊಡಲಿಲ್ಲಂತ.”

ಶಾಂತವೀರನಿಗೆ ಗಾಲಿಕುರ್ಚಿಯನ್ನು ಮುಂದಕ್ಕೆ ತಳ್ಳಲಾಗಲಿಲ್ಲ. ಅಲ್ಲೇ ನಿಂತುಬಿಟ್ಟ.

ನೀತಿ: ಎಲ್ಲರಿಗೂ ‘ಆಗಲಿ’ ಎನ್ನುವುದು ಒಳ್ಳೆಯತನವಲ್ಲ. ಬಲ್ಲಿದರಿಗೆ ನಾವು ಹೇಳಲಾರದ ‘ಇಲ್ಲ’ವನ್ನು ಕೊನೆಗೆ ಏನೂ ತಪ್ಪು ಮಾಡದ ಒಬ್ಬರು ಹೊರಬೇಕಾಗುತ್ತದೆ. ಬರುವರೋ ಇಲ್ಲವೋ ಎನ್ನುವವರಿಗಾಗಿ, ಬಂದು ಎದುರು ನಿಂತವರನ್ನು ಕಾಯಿಸಬೇಡಿ.