ಬಾಟಲಿಯ ಮುಚ್ಚಳ

"ಗುರುಗಳೇ, ಮೂರು ತಿಂಗಳಿಂದ ಧ್ಯಾನಕ್ಕೆ ಕೂರುತ್ತಿದ್ದೇನೆ. ಮನಸ್ಸು ಯಾಕೆ ಇನ್ನೂ ನಿಂತಿಲ್ಲ? ಹೀಗೇ ಆದರೆ ಆಶ್ರಮ ಬಿಟ್ಟು ಹೋಗುವುದೇ ವಾಸಿ" ಎಂದ ಶಿಷ್ಯ.

ಗುರುಗಳು ಓದುತ್ತಿದ್ದ ಪುಸ್ತಕ ಮಡಚಿದರು. "ನಿನ್ನೆಯೂ ಇದನ್ನೇ ಕೇಳಿದೆ, ಮೊನ್ನೆಯೂ ಇದನ್ನೇ ಕೇಳಿದೆ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದರು.

ಒಬ್ಬ ದರ್ಜಿ ಇದ್ದ. ಅವನ ಮಗಳು ಮೀನಿನ ತೊಟ್ಟಿಯಲ್ಲಿ, ನೀರೊಳಗೆ ಗಿಡ ಬೆಳೆಸುತ್ತಿದ್ದಳು. ಅದರಲ್ಲಿ ಒಂದು ಕೆಂಪು ಗಿಡ. ಎರಡೇ ಎಲೆಯಿಂದ ಅದನ್ನು ಬೆಳೆಸಿದ್ದಳು. ಅದೆಂದರೆ ಅವಳಿಗೆ ಜೀವ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸಾಲದಿದ್ದರೆ ಅಂಥ ಗಿಡ ಕೊಳೆಯುತ್ತದೆ. ಒಂದು ತಿಂಗಳ ಕೆಲಸಕ್ಕೆ ಪರವೂರಿಗೆ ಹೊರಟ ಮಗಳು ಆ ಗಾಳಿ ತಯಾರಿಸುವುದನ್ನು ತಂದೆಗೆ ಹೇಳಿಕೊಟ್ಟಳು. ಬಾಟಲಿಗೆ ಸಕ್ಕರೆ ನೀರು, ಚಿಟಿಕೆ ಈಸ್ಟ್. ಮುಚ್ಚಳಕ್ಕೆ ತೂತು, ತೂತಿಗೆ ನಳಿಕೆ, ನಳಿಕೆಯ ತುದಿ ತೊಟ್ಟಿಯ ನೀರೊಳಗೆ. "ಇಷ್ಟೇ ಅಪ್ಪ. ಆ ಗಿಡವೊಂದನ್ನು ಉಳಿಸಿಕೊಡು" ಎಂದಳು.

ದರ್ಜಿ ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಹಾಕಿದವನಲ್ಲ. ಹೇಳಿದಂತೆಯೇ ಎಲ್ಲ ಮಾಡಿದ. ಅರ್ಧ ಗಂಟೆ ಕಾದ. ತೊಟ್ಟಿಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಮುಚ್ಚಳ ತೆಗೆದು ಇಣುಕಿದ, ಮೂಸಿದ, ಮುಚ್ಚಿದ. ಊಟವಾದ ಮೇಲೆ ಮತ್ತೆ ತೆಗೆದ. ಒಂದು ತೋಳು ಹೊಲಿದ, ಮತ್ತೆ ತೆಗೆದ. ಎರಡು ದಿನಕ್ಕೆ ಅಷ್ಟನ್ನೂ ಚೆಲ್ಲಿ ಹೊಸದಾಗಿ ಕಲಸಿದ. ಹಳೇ ಈಸ್ಟ್ ಮಾರುತ್ತೀಯಾ ಎಂದು ಅಂಗಡಿಯವನ ಮೇಲೆ ಹಾರಾಡಿದ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಷ್ಟರಲ್ಲಿ ಗಿಡದ ಎಲೆಗಳು ಒಂದೊಂದಾಗಿ ಉದುರುತ್ತಿದ್ದವು.

ಮಗಳು ಬಂದಾಗ ತೊಟ್ಟಿಯಲ್ಲಿ ಕಪ್ಪು ಕಡ್ಡಿಯೊಂದು ಉಳಿದಿತ್ತು. ಅವಳು ಅದರ ಮುಂದೆ ಕೂತುಬಿಟ್ಟಳು.

"ನೀನು ಹೇಳಿದ ಹಾಗೇ ಮಾಡ್ದೆ ಕಣಮ್ಮ. ಗಾಳಿ ಬರಲೇ ಇಲ್ಲ. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ನೋಡಿದೀನಿ" ಎಂದ ದರ್ಜಿ.

"ತೆಗೆದಾಗ ಸುಸ್ ಅಂತ ಸದ್ದು ಬರ್ತಿತ್ತಾ ಅಪ್ಪ?"

"ಪ್ರತಿ ಸಲವೂ ಬರ್ತಿತ್ತು."

"ಅದೇ ಗಾಳಿ" ಎಂದು ಹೇಳಿ ಅವಳು ಎದ್ದು ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಮುಗಿದ. "ತಿಳಿಯಿತು ಗುರುಗಳೇ. ಇನ್ನು ಮುಚ್ಚಳ ಮುಟ್ಟುವುದಿಲ್ಲ. ಹಾಗಾದರೆ ಎಷ್ಟು ದಿನಕ್ಕೆ ಮನಸ್ಸು ನಿಲ್ಲಬಹುದು?"

ಗುರುಗಳು ಪುಸ್ತಕ ಬಿಚ್ಚಿಕೊಂಡರು.

"ಈಗ ಸುಸ್ ಅಂದಿತು, ಕೇಳಿಸಿತೇ?"