ಪಕ್ಕದ ಟೇಬಲ್ಲಿನ ದೋಸೆ

ನಿವೃತ್ತ ಶಿರಸ್ತೇದಾರ್ ವಿರೂಪಾಕ್ಷಯ್ಯನವರು ಹೋಟೆಲಿಗೆ ಬಂದರೆ ತಮ್ಮ ತಟ್ಟೆ ನೋಡುತ್ತಿರಲಿಲ್ಲ, ಪಕ್ಕದವರ ತಟ್ಟೆ ನೋಡುತ್ತಿದ್ದರು.

ಅವತ್ತು ಸಪ್ಲೈಯರ್ ಹಾಲೇಶಪ್ಪ ಬೆಣ್ಣೆ ದೋಸೆ ತಂದಿಟ್ಟ. ಅವರು ಕೈಯನ್ನೂ ಹಚ್ಚಲಿಲ್ಲ.

"ಎಲ್ಲರ ದೋಸೆ ಕೆಂಪಗಿದೆ, ನನಗೆ ಮಾತ್ರ ಈ ಸಪ್ಪೆ ಮೋರೆಯದ್ದು! ಬೇರೆ ತಾ. ಇಲ್ಲಾಂದ್ರೆ ಮಾಲೀಕರಿಗೆ ಹೇಳಿ ಇವತ್ತೇ ನಿನ್ನ ಕೆಲಸ ಬಿಡಿಸ್ತೀನಿ!"

ಹಾಲೇಶಪ್ಪ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಒಂದು ಲೋಟ ನೀರು ಕುಡಿದ. ಅದೇ ತಟ್ಟೆ ಹಿಡಿದು ಹೊರಬಂದು, ಪಕ್ಕದ ಟೇಬಲ್ಲಿನ ಪೋಸ್ಟ್‌ಮ್ಯಾನ್ ಮುಂದಿಟ್ಟು ಕಣ್ಣು ಹೊಡೆದ.

ವಿರೂಪಾಕ್ಷಯ್ಯ ಎದ್ದೇ ನಿಂತರು. "ನೋಡು, ದೋಸೆ ಅಂದ್ರೆ ಅದು! ಬಂಗಾರದ ಬಣ್ಣ! ಅದನ್ನೇ ಇಲ್ಲಿ ತಾ!"

ತಂದಿಟ್ಟ. ಅವರು ಅರ್ಧ ತಿಂದು "ಆಹಾ" ಎಂದ ಮೇಲೆ ಹಾಲೇಶಪ್ಪ ಹೇಳಿದ: "ಸಾರ್, ಇದು ತಾವು ವಾಪಸ್ ಕಳಿಸಿದ ದೋಸೇನೇ. ಆ ಟೇಬಲ್ಲಿಗೆ ಹೋಗಿ ಬಂತು, ಅಷ್ಟೇ."

ಹೋಟೆಲಿಗೆ ಹೋಟೆಲೇ ನಕ್ಕಿತು. ಅವರು ಉಳಿದರ್ಧವನ್ನು ತಲೆ ತಗ್ಗಿಸಿಯೇ ಮುಗಿಸಿದರು.

ಮರುದಿನ ಬಂದವರೇ ಹಾಲೇಶಪ್ಪನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ಒಂದು ಬೆಣ್ಣೆ ದೋಸೆ. ಮೊದಲು ಆ ಟೇಬಲ್ಲಿಗಿಡು. ಸ್ವಲ್ಪ ಹೊತ್ತು ಹೊಟ್ಟೆ ಉರ್ಕೊಳ್ತೀನಿ, ಆಮೇಲೆ ಇಲ್ಲಿಗೆ ತಾ."