ಗೆಲುವಿನ ಹಾರಕ್ಕೆ ಕೊರಳೆಷ್ಟು?

ಹಾಲಗೊಂಡೆಯ ದೊರೆ ಮುದ್ದುಭೂಪಾಲನಿಗೆ ಒಂದು ಹೆಮ್ಮೆಯಿತ್ತು. "ನಾನು ರಾಜ, ನಿಜ. ಆದರೆ ಪೇಟೆಯ ಆಡಳಿತ ಮಾತ್ರ ಜನರೇ ಆರಿಸಿದ್ದು!" ಎಂದು ಬಂದಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಐದು ವರ್ಷಕ್ಕೊಮ್ಮೆ ಒಂಬತ್ತು ಬೀದಿಯವರೂ ಮಡಕೆಗೆ ಹುಣಸೆಬೀಜ ಹಾಕಿ ಬೀದಿಗೊಬ್ಬ ಸದಸ್ಯನನ್ನು ಆರಿಸುತ್ತಿದ್ದರು. ಆರಿಸಿಬಂದವರೆಲ್ಲ ಅರಮನೆ ಪಕ್ಷದವರೇ ಆಗಿರುತ್ತಿದ್ದರು. ಹಾಗಾಗಿ ದೊರೆಗೆ ಈ ಪದ್ಧತಿ ಬಲು ಇಷ್ಟ.

ಈ ಸಲ ಬೀಜ ಎಣಿಸಿ ನೋಡಿದರೆ ಅರಮನೆಗೆ ಬಂದದ್ದು ಐದೇ ಬೀದಿ! ಆಡಳಿತವೇನೋ ಉಳಿಯಿತು, ಮಾನ ಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ ರಾಮಾಯಣ.

"ದಳವಾಯಿಗಳು ಮೀಸೆ ತಿರುವಿಕೊಂಡು ಓಡಾಡಿ ಜನರನ್ನು ಹೆದರಿಸಿದರು!" ಎಂದ ಪ್ರಧಾನಿ ಸರ್ವೋತ್ತಮಯ್ಯ.

"ಪ್ರಧಾನಿಗಳ ಭಾಷಣ ಕೇಳಿ ಅರ್ಧ ಜನ ನಿದ್ದೆ ಹೋದರು, ಮಡಕೆ ಹತ್ತಿರ ಬರಲೇ ಇಲ್ಲ!" ಎಂದ ದಳವಾಯಿ ರಣಭೈರಪ್ಪ.

ಬೆಳಗಿನಿಂದ ಸಂಜೆವರೆಗೆ ಇದೇ ಜಗಳ. ಕೊನೆಗೆ ದೊರೆ ಸಿಂಹಾಸನ ಗುದ್ದಿ, "ಸಾಕು ನಿಲ್ಲಿಸ್ರಯ್ಯಾ! ನಮ್ಮನ್ನು ಸೋಲಿಸಿದ ಒಬ್ಬನೇ ಒಬ್ಬನನ್ನು ತೋರಿಸಿ. ಅವನನ್ನು ಊರು ಬಿಡಿಸುತ್ತೇನೆ" ಎಂದ.

ಆ ಒಬ್ಬ ತಾನೇ ಆಗಿಬಿಟ್ಟರೆ ಎಂದು ಇಬ್ಬರಿಗೂ ಹೊಳೆಯಿತು. ಅಷ್ಟು ಹೊತ್ತು ಹಾವು ಮುಂಗುಸಿಯಂತಿದ್ದವರು ಮುಖ ಮುಖ ನೋಡಿಕೊಂಡು ಒಂದೇ ಬಾಯಲ್ಲಿ ಹೇಳಿದರು: "ಡಂಗುರದ ದ್ಯಾವಪ್ಪ, ಮಹಾಪ್ರಭು!"

"ಅವನೇನು ಮಾಡಿದ?"

"ಸೀನಿದ! 'ಅರಮನೆ ಪಕ್ಷವನ್ನೇ ಗೆಲ್ಲಿಸಿ' ಎಂದು ಸಾರುತ್ತಾ ಆ ನಾಲ್ಕೂ ಬೀದಿಯಲ್ಲಿ ಸೀನಿದ. ಅದೂ ಒಂಟಿ ಸೀನು!"

ಎರಡು ಸಲ ಸೀನಿದ್ದರೆ ಶುಭವಾಗುತ್ತಿತ್ತೇನೋ. ಪಾಪ, ದ್ಯಾವಪ್ಪನಿಗೆ ನೆಗಡಿ, ಬಂದಷ್ಟು ಸೀನಿದ್ದ. ಅವನನ್ನು ಎಳೆತಂದರು. "ನಾಳೆ ಸಂಜೆಯೊಳಗೆ ಊರು ಬಿಡು" ಎಂದು ಅಪ್ಪಣೆಯಾಯಿತು.

"ಬುದ್ಧೀ, ಮನೇಲಿ ಮಗಳು ಬಾಣಂತಿ. ಹಸುಗೂಸು ಎತ್ಕೊಂಡು ಎಲ್ಲಿಗೆ ಹೋಗ್ಲಿ?" ಎಂದು ದ್ಯಾವಪ್ಪ ಗಳಗಳ ಅತ್ತ. ಅವನ ಅಳು ಕೇಳಿಸಿಕೊಳ್ಳುವವರಾರು? ಬೇರೆಯವರೆಲ್ಲ ತಮ್ಮ ಕುತ್ತಿಗೆ ಉಳಿಯಿತಲ್ಲ ಎಂದು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಮೂಲೆಯಲ್ಲಿ ಕೂತಿದ್ದ ಆಸ್ಥಾನದ ವಿದೂಷಕ ಮುರಿಗೆಪ್ಪ ಮಾತ್ರ ಎದ್ದು ಕೈಮುಗಿದ. "ನಾಳೆ ಸಂಜೆವರೆಗೆ ಪುರುಸೊತ್ತಿದೆಯಲ್ಲ, ಪ್ರಭು. ಅಷ್ಟರಲ್ಲಿ ನಿಜವಾದ ಅಪರಾಧಿಯನ್ನು ಹಗ್ಗ ಹಾಕಿ ಹಿಡಿದು ತಮ್ಮ ಮುಂದೆ ನಿಲ್ಲಿಸಿದರೆ?"

"ದ್ಯಾವಪ್ಪನನ್ನು ಬಿಡುತ್ತೇನೆ. ನಿಲ್ಲಿಸದಿದ್ದರೆ ಅವನ ಜೊತೆ ನೀನೂ ಹೊರಡು!"

"ಆಗಲಿ" ಎಂದ ಮುರಿಗೆಪ್ಪ.

ಮರುದಿನ ಸಭೆಗೆ ಅವನು ಬಂದದ್ದು ನಾಲ್ಕು ಜನ ಆಳುಗಳ ಹೆಗಲ ಮೇಲೆ ಒಂದು ಭಾರೀ ಹಾರ ಹೊರಿಸಿಕೊಂಡು. ಎಲ್ಲರಿಗೂ ಗುರುತು ಸಿಕ್ಕಿತು. ಎಣಿಕೆಗೆ ಮುಂಚೆಯೇ ಒಂಬತ್ತು ಬೀದಿಯೂ ನಮ್ಮದೇ ಎಂದುಕೊಂಡು ಮಾಡಿಸಿಟ್ಟಿದ್ದ ವಿಜಯದ ಹಾರ! ದಾರ ತಡೆಯುವುದಿಲ್ಲವೆಂದು ಹೂವಾಡಗಿತ್ತಿ ಚೆಂಡುಹೂವನ್ನು ಸಣಬಿನ ಹಗ್ಗಕ್ಕೇ ಪೋಣಿಸಿದ್ದಳು. ಫಲಿತಾಂಶ ಬಂದಮೇಲೆ ಯಾರೂ ಅದರತ್ತ ತಿರುಗಿ ನೋಡಿರಲಿಲ್ಲ. ಆನೆಲಾಯದ ಮೂಲೆಯಲ್ಲಿ ಬಾಡುತ್ತಾ ಬಿದ್ದಿತ್ತು.

"ಇದ್ಯಾಕೋ ಈಗ?" ಎಂದ ದೊರೆ.

"ಪ್ರಭು, ನಾಲ್ಕು ಬೀದಿ ಹೋದ ದುಃಖದಲ್ಲಿ ಐದು ಬೀದಿ ಗೆದ್ದದ್ದೇ ಮರೆತುಹೋಯಿತು. ಚುನಾವಣೆ ನಡೆಸಿದವರ ಕೊರಳಿಗೆ ಹಾರ ಹಾಕುವುದು ನಮ್ಮ ಪದ್ಧತಿ ತಾನೇ? ಮೊದಲು ಆ ಶುಭಕಾರ್ಯ ಮುಗಿಯಲಿ, ಶಿಕ್ಷೆ ಆಮೇಲೆ. ಯಾರಿಗೆ ಹಾಕಲಿ?"

"ಕೇಳಬೇಕೇನಯ್ಯ?" ಸರ್ವೋತ್ತಮಯ್ಯ ಶಲ್ಯ ಸರಿಮಾಡಿಕೊಂಡು ಬಂದ. "ಒಂಬತ್ತು ಬೀದಿಯಲ್ಲಿ ನನ್ನನ್ನು ಕೇಳದೆ ಒಂದು ಹುಲ್ಲುಕಡ್ಡಿ ಅಲ್ಲಾಡಲಿಲ್ಲ!" ಎಂದು ಹಾರಕ್ಕೆ ತಲೆ ತೂರಿಸಿದ.

"ಅಯ್ಯೋ! ಅಭ್ಯರ್ಥಿಗಳನ್ನು ಆರಿಸಿದ್ದು ಯಾರು? ನಾನು!" ರಣಭೈರಪ್ಪನೂ ನುಗ್ಗಿ ತಲೆ ತೂರಿಸಿದ.

ಅವನ ಹಿಂದೆ ಅವನ ಭಾವಮೈದ, ಭಾವಮೈದನ ಹಿಂದೆ ಪ್ರಧಾನಿಯ ಅಳಿಯ. ನೂಕುನುಗ್ಗಲು ನೋಡಿ ದೊರೆಗೂ ತಡೆಯಲಾಗಲಿಲ್ಲ.

"ಸರಿಯಿರ್ರೋ! ಜನ ಬೀಜ ಹಾಕುವುದು ಯಾರ ಮುಖ ನೋಡಿ? ನನ್ನ ಮುಖ!" ಎಂದು ಕಿರೀಟ ತೆಗೆದು ಪಕ್ಕಕ್ಕಿಟ್ಟು ತಾನೂ ತಲೆ ಕೊಟ್ಟ.

ಮುರಿಗೆಪ್ಪ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ದ್ಯಾವಪ್ಪನತ್ತ ತಿರುಗಿದ. "ದ್ಯಾವಪ್ಪಾ, ನೀನೂ ಬೀದಿಬೀದಿ ಸುತ್ತಿದೆಯಲ್ಲ, ಬರ್ತೀಯೇನು?"

"ಬ್ಯಾಡ ಬುದ್ಧಿ. ಹೇಳ್ಕೊಟ್ಟಿದ್ದು ಕೂಗಿದೆ, ಅಷ್ಟೇಯಾ."

"ಅವನನ್ನೇನು ಕೇಳುತ್ತೀಯ!" ಪ್ರಧಾನಿ ಸಿಡುಕಿದ. "ಡಂಗುರದವನ ಕೂಗು ಕೇಳಿ ಯಾರಾದರೂ ಬೀಜ ಹಾಕುತ್ತಾರೇನಯ್ಯ?"

"ಭಲೇ, ಸ್ವಾಮಿ! ಅದೊಂದು ಮಾತು ತಮ್ಮ ಬಾಯಿಂದಲೇ ಬರಬೇಕಿತ್ತು" ಎಂದ ಮುರಿಗೆಪ್ಪ.

ನೂಕಾಟದಲ್ಲಿ ಬಾಡಿದ ಹೂವೆಲ್ಲ ಪುಳಪುಳ ಉದುರಿಹೋಗಿತ್ತು. ಉಳಿದದ್ದು ಬರೀ ಹಗ್ಗ. ಅದರೊಳಗೆ ಅರಮನೆ ಪಕ್ಷ ಪೂರ್ತಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿತ್ತು.

ದೊರೆ ಕತ್ತು ಕೆರೆದುಕೊಂಡ. "ಸರಿ, ಹಾರದ ಶಾಸ್ತ್ರ ಮುಗಿಯಿತು. ಹಗ್ಗ ಹಾಕಿ ಹಿಡಿದು ನಿಲ್ಲಿಸುತ್ತೇನೆ ಎಂದಿದ್ದೆಯಲ್ಲ, ಎಲ್ಲಿ ನಿನ್ನ ಅಪರಾಧಿ?"

"ಒಬ್ಬನನ್ನು ಕೇಳಿದ್ದಿರಿ, ಪ್ರಭು. ನಾನೇನು ಮಾಡಲಿ, ಇಷ್ಟು ಜನ ತಾವಾಗಿಯೇ ಬಂದು ಸಿಕ್ಕಿಕೊಂಡಿದ್ದೀರಿ! ಒಂಬತ್ತೂ ಬೀದಿಯಲ್ಲಿ ನಡೆದದ್ದೆಲ್ಲ ತಮ್ಮದೇ ಅಂದಮೇಲೆ ಸೋತ ನಾಲ್ಕು ಬೀದಿ ಇನ್ಯಾರದು?"

ದೊರೆ ಕೊರಳಿನ ಹಗ್ಗ ನೋಡಿದ, ಪಕ್ಕದಲ್ಲಿ ಬೆವರುತ್ತಿದ್ದ ಪ್ರಧಾನಿಯನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನು ನಕ್ಕಾಗೆಲ್ಲ ಹಗ್ಗದಲ್ಲಿದ್ದವರೂ ಕುಲುಕಾಡಿದರು.

"ದ್ಯಾವಪ್ಪಾ, ಮನೆಗೆ ಹೋಗಪ್ಪ. ನಿನ್ನ ಮೊಮ್ಮಗುವಿಗೆ ಅರಮನೆಯಿಂದ ಬೆಳ್ಳಿ ಉಡಿದಾರ ಕೊಡಿಸುತ್ತೇನೆ" ಎಂದ. "ಮುರಿಗೆಪ್ಪಾ, ಈ ಹಗ್ಗ ಬಿಚ್ಚೋ ಮಾರಾಯ. ಆ ನಾಲ್ಕು ಬೀದಿಗೆ ನಾವೇ ಹೋಗಿ ಏನಾಯಿತು ಎಂದು ಜನರನ್ನೇ ಕೇಳುತ್ತೇವೆ."

"ಬಿಚ್ಚುವುದು ಅಲ್ಲಿಗೆ ಹೋದಮೇಲೆ, ಪ್ರಭು. ದಾರಿಯಲ್ಲಿ ಯಾರಾದರೂ ಜಾರಿಕೊಂಡರೆ?"

ಅಷ್ಟರಲ್ಲಿ ದ್ಯಾವಪ್ಪನಿಗೆ ತಡೆಯಲಾಗದೆ ಸೀನು ಬಂತು. ಆಕ್ಷೀ! ಒಂಟಿ ಸೀನು. ದ್ಯಾವಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಮುರಿಗೆಪ್ಪ ಅವನ ಬೆನ್ನು ತಟ್ಟಿದ. "ಹೆದರಬೇಡ, ಧಾರಾಳವಾಗಿ ಸೀನು. ತಪ್ಪು ಹೊರುವವರ ಹಗ್ಗ ಈಗ ಭರ್ತಿಯಾಗಿದೆ!"